ಹೊಸಬರ ಬಾಗಿಲು ಮುಚ್ಚಬೇಡಿ: ಬೆಂಗಳೂರಿನ ಅನುಭವಿ ಐಟಿ ಎಂಜಿನಿಯರುಗಳಿಗೆ ಬಹಿರಂಗ ಪತ್ರ



ಬೆಂಗಳೂರಿನ ತಂತ್ರಾಂಶ ಕಂಪನಿಗಳಲ್ಲಿ ಹತ್ತು, ಹದಿನೈದು, ಇಪ್ಪತ್ತು ವರ್ಷ ದುಡಿದು ಟೆಕ್ ಲೀಡ್, ಆರ್ಕಿಟೆಕ್ಟ್, ಪ್ರಾಜೆಕ್ಟ್ ಮ್ಯಾನೇಜರ್, ಡೆಲಿವರಿ ಮ್ಯಾನೇಜರ್ ಆಗಿರುವ ನಿಮಗೆ ಈ ಪತ್ರ. ಕೃತಕ ಬುದ್ಧಿಮತ್ತೆಯಿಂದ ಉದ್ಯೋಗಗಳಿಗೆ ಏನಾದೀತು ಎಂದು ಮಾತಾಡುವವರು ಸಾಮಾನ್ಯವಾಗಿ ಕಂಪನಿಗಳ ಮುಖ್ಯಸ್ಥರನ್ನು ಅಥವಾ ಸರ್ಕಾರವನ್ನು ಪ್ರಶ್ನಿಸುತ್ತಾರೆ, ಇಲ್ಲವೇ ವಿದ್ಯಾರ್ಥಿಗಳಿಗೆ ಬುದ್ಧಿ ಹೇಳುತ್ತಾರೆ. ನಡುವೆ ನಿಂತಿರುವ ನಿಮ್ಮ ಕಡೆ ಯಾರೂ ತಿರುಗುವುದಿಲ್ಲ. ಆದರೆ ಮುಂದಿನ ಪ್ರಾಜೆಕ್ಟಿಗೆ ಎಷ್ಟು ಜನ ಬೇಕು, ಅವರಲ್ಲಿ ಅನುಭವಿಗಳೆಷ್ಟು, ಫ್ರೆಶರ್‌ಗಳೆಷ್ಟು ಎಂಬ ಅಂದಾಜು ಮೊದಲು ಬರೆಯಲ್ಪಡುವುದು ನಿಮ್ಮ ಕೈಯಿಂದ. ಮೇಲಿನವರು ಅದನ್ನು ಕತ್ತರಿಸಬಹುದು, ತಿದ್ದಬಹುದು. ಆದರೂ ಶುರುವಾಗುವುದು ನಿಮ್ಮಲ್ಲೇ. ಎರಡು ಮೂರು ಹೊಸಬರಿಗೆ ಕೊಡುತ್ತಿದ್ದ ಕೆಲಸವನ್ನು ಎಐ ಉಪಕರಣ ಹಿಡಿದ ಒಬ್ಬ ಅನುಭವಿಯೇ ಮುಗಿಸಬಲ್ಲ ಎಂಬ ಲೆಕ್ಕ ಆ ಅಂದಾಜಿನೊಳಗೆ ಈಗ ಸುಲಭವಾಗಿ ಬಂದು ಕೂರುತ್ತದೆ. ಆ ಲೆಕ್ಕ ತಪ್ಪು, ಅದನ್ನು ತಡೆಯುವ ಶಕ್ತಿ ನಿಮ್ಮಲ್ಲಿದೆ, ನೀವು ತಡೆಯದಿದ್ದರೆ ತಡೆಯುವವರು ಬೇರೆ ಯಾರೂ ಇಲ್ಲ ಎಂಬುದು ನನ್ನ ವಾದ.

ಈ ವಿಷಯದಲ್ಲಿ ಅಭಿಪ್ರಾಯಗಳು ಎಷ್ಟು ಚದುರಿವೆ ಎಂಬುದು ನಿಮಗೆ ಗೊತ್ತಿದೆ. 2013ರಲ್ಲಿ ಆಕ್ಸ್‌ಫರ್ಡ್‌ನ ಕಾರ್ಲ್ ಫ್ರೇ ಮತ್ತು ಮೈಕೆಲ್ ಆಸ್ಬರ್ನ್ ಅಮೆರಿಕದ ಶೇ 47ರಷ್ಟು ಉದ್ಯೋಗಗಳು ಯಂತ್ರಗಳ ಪಾಲಾಗುವ ಅಪಾಯದಲ್ಲಿವೆ ಎಂದು ಲೆಕ್ಕ ಹಾಕಿದರು. 2025ರ ಜನವರಿಯಲ್ಲಿ ವಿಶ್ವ ಆರ್ಥಿಕ ವೇದಿಕೆಯ ವರದಿ, 2030ರ ಹೊತ್ತಿಗೆ ಜಗತ್ತಿನಲ್ಲಿ 9.2 ಕೋಟಿ ಕೆಲಸಗಳು ಹೋಗಿ 17 ಕೋಟಿ ಹೊಸ ಕೆಲಸಗಳು ಬರುತ್ತವೆ ಎಂದಿತು. ಆಂಥ್ರೊಪಿಕ್ ಕಂಪನಿಯ ಮುಖ್ಯಸ್ಥ ಡಾರಿಯೊ ಅಮೊಡೇ ಅದೇ ವರ್ಷದ ಮೇ ತಿಂಗಳಲ್ಲಿ, ಆರಂಭಿಕ ಹಂತದ ಕಚೇರಿ ಕೆಲಸಗಳಲ್ಲಿ ಅರ್ಧದಷ್ಟು ಒಂದರಿಂದ ಐದು ವರ್ಷದೊಳಗೆ ಇಲ್ಲವಾಗಬಹುದು ಎಂದು ಎಚ್ಚರಿಸಿದರು. ಮೂರು ತಿಂಗಳ ನಂತರ ಅಮೆಜಾನ್ ವೆಬ್ ಸರ್ವಿಸಸ್‌ನ ಮುಖ್ಯಸ್ಥ ಮ್ಯಾಟ್ ಗಾರ್ಮನ್, ಕಿರಿಯರ ಜಾಗದಲ್ಲಿ ಎಐ ಕೂರಿಸುವುದು ತಾವು ಕೇಳಿರುವ ಅತಿ ಮೂರ್ಖ ಆಲೋಚನೆಗಳಲ್ಲೊಂದು ಎಂದರು. ಹತ್ತು ವರ್ಷ ಕಳೆದ ಮೇಲೆ ಕೆಲಸ ಕಲಿತವರೇ ಇಲ್ಲದಿದ್ದರೆ ಏನು ಗತಿ ಎಂದು ಕೇಳಿದರು. ಇನ್ನೆರಡು ವರ್ಷದಲ್ಲಿ ಎಲ್ಲ ಮುಗಿಯಿತು ಎನ್ನುವವರು, ಕಂಪ್ಯೂಟರ್ ಬಂದಾಗಲೂ ಹೀಗೇ ಹೆದರಿಸಿದ್ದರು ಎನ್ನುವವರು, ಇದು ನಾಳೆ ಒಡೆಯುವ ಗುಳ್ಳೆ ಎನ್ನುವವರು ನಿಮ್ಮ ತಂಡಗಳಲ್ಲೇ ಇದ್ದಾರೆ. ಇವರೆಲ್ಲ ಜಗಳವಾಡುತ್ತಿರುವುದು ಬಹುಪಾಲು ಒಟ್ಟು ಸಂಖ್ಯೆಯ ಬಗ್ಗೆ: ಎಷ್ಟು ಕೆಲಸ ಹೋಗುತ್ತದೆ, ಎಷ್ಟು ಬರುತ್ತದೆ. ಎಷ್ಟನೇ ವಯಸ್ಸಿನವರ ಕೆಲಸ, ಯಾವ ಅನುಭವದವರ ಕೆಲಸ ಎಂದು ಕೇಳಿದರೆ ಚಿತ್ರ ಹೆಚ್ಚು ಸ್ಪಷ್ಟವಾಗುತ್ತದೆ.

2025ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಎರಿಕ್ ಬ್ರಿನ್ಯಾಲ್ಫ್‌ಸನ್ ಮತ್ತು ಇಬ್ಬರು ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನೇ ಎತ್ತಿಕೊಂಡಿತು. ಅವರು ಆಧರಿಸಿದ್ದು ಸಮೀಕ್ಷೆಯ ಉತ್ತರಗಳನ್ನಲ್ಲ. ಅಮೆರಿಕದ ಲಕ್ಷಾಂತರ ನೌಕರರಿಗೆ ಸಂಬಳ ಬಟವಾಡೆ ಮಾಡುವ ಎಡಿಪಿ ಕಂಪನಿಯ ದಾಖಲೆಗಳನ್ನು. ಎಐ ಹೆಚ್ಚು ನುಗ್ಗಿರುವ ವೃತ್ತಿಗಳಲ್ಲಿ 22ರಿಂದ 25 ವರ್ಷದವರ ಉದ್ಯೋಗ, ಕಂಪನಿಗಳ ಮೇಲಾದ ಇತರ ಪರಿಣಾಮಗಳನ್ನು ಕಳೆದ ಮೇಲೂ, ಹೋಲಿಕೆಯಲ್ಲಿ ಶೇ 13ರಷ್ಟು ಇಳಿದಿತ್ತು. ಅದೇ ವಯಸ್ಸಿನ ತಂತ್ರಾಂಶ ಎಂಜಿನಿಯರುಗಳ ಸಂಖ್ಯೆ 2022ರ ಕೊನೆಯ ಎತ್ತರದಿಂದ 2025ರ ಜುಲೈ ಹೊತ್ತಿಗೆ ಶೇ 20ರ ಹತ್ತಿರ ಕುಸಿದಿತ್ತು. ಅದೇ ವೃತ್ತಿಯಲ್ಲಿರುವ ಹೆಚ್ಚು ವಯಸ್ಸಿನವರ ಉದ್ಯೋಗ ಮಾತ್ರ ಸ್ಥಿರವಾಗಿತ್ತು ಅಥವಾ ಏರಿತ್ತು. ಇನ್ನೊಂದು ಅಂಶ ಇದಕ್ಕಿಂತ ಮುಖ್ಯ. ಎಐಯನ್ನು ಮನುಷ್ಯನ ಬದಲಿಗೆ ಬಳಸುವ ಕೆಲಸಗಳಲ್ಲಿ ಈ ಕುಸಿತ ಕಂಡಿತು. ಮನುಷ್ಯನಿಗೆ ನೆರವಾಗಿ ಬಳಸುವ ಕೆಲಸಗಳಲ್ಲಿ ಕಾಣಲಿಲ್ಲ. ಅಂದರೆ ಪರಿಣಾಮವನ್ನು ಉಪಕರಣ ಒಂದೇ ತೀರ್ಮಾನಿಸುತ್ತಿಲ್ಲ, ಅದನ್ನು ಹೇಗೆ ಬಳಸಬೇಕೆಂದು ನಿರ್ಧರಿಸುವವರೂ ತೀರ್ಮಾನಿಸುತ್ತಿದ್ದಾರೆ.

ಇದಕ್ಕೆ ಬಲವಾದ ಆಕ್ಷೇಪವಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಯೇಲ್ ವಿಶ್ವವಿದ್ಯಾಲಯದ ಬಜೆಟ್ ಲ್ಯಾಬ್ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ವಿಶ್ಲೇಷಣೆ, ಚಾಟ್‌ಜಿಪಿಟಿ ಬಂದು 33 ತಿಂಗಳಾದರೂ ಅಮೆರಿಕದ ಒಟ್ಟು ಉದ್ಯೋಗ ಮಾರುಕಟ್ಟೆಯಲ್ಲಿ ಎದ್ದು ಕಾಣುವ ಏರುಪೇರು ಆಗಿಲ್ಲ ಎಂದಿತು. ಕೊರೊನಾ ಕಾಲದಲ್ಲಿ ಬೇಕಾಬಿಟ್ಟಿ ಜನರನ್ನು ತೆಗೆದುಕೊಂಡ ಕಂಪನಿಗಳು ಬಡ್ಡಿದರ ಏರಿದ ಮೇಲೆ ಕೈ ಬಿಗಿ ಹಿಡಿದವು ಎಂಬುದೂ ನಿಜ. ನಮ್ಮಲ್ಲಿ 2023-24ರಲ್ಲಿ ಟಿಸಿಎಸ್, ಇನ್ಫೊಸಿಸ್, ವಿಪ್ರೊ ಮೂರೂ ಸೇರಿ ನೌಕರರ ಸಂಖ್ಯೆ 60 ಸಾವಿರಕ್ಕೂ ಹೆಚ್ಚು ಇಳಿಯಿತು. ಅದಕ್ಕೆ ಎಐಗಿಂತ ಅಮೆರಿಕ, ಯುರೋಪಿನ ಗ್ರಾಹಕರು ಖರ್ಚು ಬಿಗಿ ಹಿಡಿದದ್ದೇ ಹೆಚ್ಚು ಕಾರಣ. ಹಾಗಾಗಿ ಹೊಸಬರ ನೇಮಕಾತಿಯಲ್ಲಿ ಬಂದ ಇಳಿತವನ್ನೆಲ್ಲ ಎಐ ತಲೆಗೆ ಕಟ್ಟಿದರೆ ಸುಳ್ಳಾಗುತ್ತದೆ. ಆದರೆ ಸ್ಟ್ಯಾನ್‌ಫರ್ಡ್ ಮತ್ತು ಯೇಲ್‌ನ ಈ ಎರಡು ಅಧ್ಯಯನಗಳು ಒಂದನ್ನೊಂದು ಅಳಿಸಿಹಾಕುವುದಿಲ್ಲ. ಒಳಗಿರುವವರೆಲ್ಲ ತಮ್ಮ ಜಾಗದಲ್ಲಿದ್ದು ಹೊರಗಿನಿಂದ ಬರುವವರಷ್ಟೇ ಕಡಿಮೆಯಾದರೆ ಒಟ್ಟು ಲೆಕ್ಕದಲ್ಲಿ ಬಹುಕಾಲ ಏನೂ ಕಾಣುವುದಿಲ್ಲ. ಕಾರಣ ಬಡ್ಡಿದರವೇ ಇರಲಿ, ಎಐಯೇ ಇರಲಿ, ಮತ್ತೆ ಬೇಡಿಕೆ ಚಿಗುರಿದಾಗ ಆ ಜಾಗಗಳನ್ನು ಹೊಸಬರಿಂದ ತುಂಬಬೇಕೋ ಬೇಡವೋ ಎಂಬ ಪ್ರಶ್ನೆ ನಿಮ್ಮ ಮುಂದೆ ಬಂದೇ ಬರುತ್ತದೆ, ಆಗ ಉಪಕರಣ ಇದೆಯಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಆ ಉತ್ತರವನ್ನು ಉಪಕರಣದ ಬಗ್ಗೆ ನಮಗೆ ತಿಳಿದಿರುವ ಸಂಗತಿಗಳೇ ಬೆಂಬಲಿಸುವುದಿಲ್ಲ. ಬ್ರಿನ್ಯಾಲ್ಫ್‌ಸನ್ ಅವರೇ ಬೇರೆ ಇಬ್ಬರೊಡನೆ 2023ರಲ್ಲಿ ಗ್ರಾಹಕ ಸಹಾಯ ಕೇಂದ್ರದ ಐದು ಸಾವಿರಕ್ಕೂ ಹೆಚ್ಚು ನೌಕರರ ಕೆಲಸವನ್ನು ಅಳೆದಿದ್ದರು. ಎಐ ಸಹಾಯಕ ಸಿಕ್ಕಮೇಲೆ ಸರಾಸರಿ ಉತ್ಪಾದಕತೆ ಶೇ 14ರಷ್ಟು ಏರಿತು. ಹೊಸಬರಲ್ಲಿ ಅದು ಶೇ 34ರಷ್ಟು ಏರಿತು, ನುರಿತವರಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ನುರಿತವರ ಮಾತುಗಾರಿಕೆಯಿಂದ ಕಲಿತದ್ದನ್ನು ಉಪಕರಣ ಹೊಸಬರಿಗೆ ದಾಟಿಸುತ್ತಿತ್ತು ಎಂಬುದು ಸಂಶೋಧಕರು ಕೊಟ್ಟ ವಿವರಣೆ. ಇನ್ನೊಂದು ತುದಿಯಲ್ಲಿ, ಮೆಟರ್ ಎಂಬ ಸಂಸ್ಥೆ 2025ರಲ್ಲಿ ಹದಿನಾರು ಮಂದಿ ಪಳಗಿದ ಓಪನ್ ಸೋರ್ಸ್ ಎಂಜಿನಿಯರುಗಳಿಗೆ ಅವರು ಚೆನ್ನಾಗಿ ಬಲ್ಲ ಕೋಡ್‌ನಲ್ಲೇ 246 ಕೆಲಸ ಕೊಟ್ಟು ನೋಡಿತು. ಆ ಹೊತ್ತಿನ ಎಐ ಉಪಕರಣ ಬಳಸಿದಾಗ ಅವರಿಗೆ ಶೇ 19ರಷ್ಟು ಹೆಚ್ಚು ಸಮಯ ಹಿಡಿಯಿತು, ತಾವು ಶೇ 20ರಷ್ಟು ವೇಗವಾಗಿ ಮುಗಿಸಿದೆವು ಎಂದು ಅವರು ನಂಬಿದ್ದರು. ಚಿಕ್ಕ ಪ್ರಯೋಗ ಅದು, ಉಪಕರಣಗಳೂ ಆಮೇಲೆ ಬದಲಾಗಿವೆ, ಅದರ ಮೇಲೆ ಇಡೀ ಕಟ್ಟಡ ಕಟ್ಟಲಾರೆ. ಆದರೂ ಒಬ್ಬ ಅನುಭವಿ ಮತ್ತು ಒಂದು ಉಪಕರಣ ಸೇರಿದರೆ ಮೂವರು ಫ್ರೆಶರ್‌ಗಳಿಗೆ ಸಮ ಎಂಬ ಅಂದಾಜನ್ನು ಪ್ರಾಜೆಕ್ಟ್ ಯೋಜನೆಯಲ್ಲಿ ಬರೆಯುವವರು, ಅದು ಅಳತೆಯಿಂದ ಬಂದದ್ದೋ ಅನಿಸಿಕೆಯಿಂದ ಬಂದದ್ದೋ ಎಂದು ಒಮ್ಮೆ ಕೇಳಿಕೊಳ್ಳಲೇಬೇಕು.

ಹೊಸಬರಿಗೇ ಹೆಚ್ಚು ಉಪಯೋಗವಾಗುವ ಉಪಕರಣ ಬಂದಾಗ ಹೊಸಬರನ್ನೇ ಕೈಬಿಡುವ ಯೋಚನೆ ಏಕೆ ಹುಟ್ಟುತ್ತದೆ? ನಿಮ್ಮ ಉದ್ಯಮದ ಲೆಕ್ಕಪತ್ರ ನೋಡಿದರೆ ಕಾರಣ ಸಿಗುತ್ತದೆ. ಭಾರತದ ಐಟಿ ಸೇವೆಗಳು ಬೆಳೆದದ್ದು ತಲೆ ಎಣಿಸಿ ಬಿಲ್ ಮಾಡುವ ಪದ್ಧತಿಯ ಮೇಲೆ. ಮೇಲೆ ಕೆಲವರು, ನಡುವೆ ಒಂದಿಷ್ಟು ಜನ, ಕೆಳಗೆ ದೊಡ್ಡ ಸಂಖ್ಯೆಯ ಹೊಸಬರು. ಅವರ ಆರಂಭದ ಸಂಬಳ ಒಂದು ದಶಕಕ್ಕೂ ಹೆಚ್ಚು ಕಾಲ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿತ್ತು. ಏಕಕಾಲಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ತರಬೇತಿ ಕೊಡಬಲ್ಲ ಮೈಸೂರಿನ ಇನ್ಫೊಸಿಸ್ ಕ್ಯಾಂಪಸ್‌ನಂಥದ್ದು ಎದ್ದು ನಿಂತದ್ದು ಈ ಪದ್ಧತಿಯ ಬಲದಿಂದಲೇ. ಹೊಸಬ ಟೆಸ್ಟ್ ಕೇಸ್ ಬರೆಯುತ್ತ, ಸಣ್ಣ ಬಗ್ ಸರಿಪಡಿಸುತ್ತ, ರಾತ್ರಿ ಪಾಳಿಯಲ್ಲಿ ಟಿಕೆಟ್ ನೋಡುತ್ತ ಕಲಿಯುತ್ತಿದ್ದ. ಆ ಗಂಟೆಗಳಿಗೂ ಗ್ರಾಹಕ ಹಣ ಕೊಡುತ್ತಿದ್ದ. ಹೀಗಾಗಿ ಕಲಿಕೆಯ ಖರ್ಚು ಬಿಲ್ಲಿನೊಳಗೇ ಅಡಗಿರುತ್ತಿತ್ತು, ಯಾರ ಕಣ್ಣಿಗೂ ಬೇರೆಯಾಗಿ ಬೀಳುತ್ತಿರಲಿಲ್ಲ. ಈಗ ಗ್ರಾಹಕ ಬಂದು, ಇಂಥ ಕೆಲಸ ಎಐ ಮಾಡುತ್ತದೆ, ದರ ಇಳಿಸಿ ಎಂದು ಕೇಳಿದ ಕೂಡಲೇ ಅದು ಮೊದಲ ಬಾರಿಗೆ ಹೊರಗೆ ಕಾಣಿಸುತ್ತದೆ. ಹೊರಗೆ ಕಂಡ ಖರ್ಚಿಗೇ ಮೊದಲು ಕತ್ತರಿ ಬೀಳುತ್ತದೆ. ಎಂಜಿನಿಯರನ್ನು ತಯಾರು ಮಾಡುವ ಖರ್ಚು ಉದ್ಯಮಕ್ಕೆ ಯಾವಾಗಲೂ ಇತ್ತು, ಮುಂದೆಯೂ ಇರುತ್ತದೆ. ಸಸಿಮಡಿಗೆ ಬಿಟ್ಟ ಮೂಲೆಯಲ್ಲೂ ನೇರವಾಗಿ ಬೆಳೆ ತೆಗೆಯುತ್ತೇನೆಂದು ಹೊರಟ ರೈತನಿಗೆ ಆ ವರ್ಷ ಒಂದು ಮೂಟೆ ಹೆಚ್ಚು ಸಿಕ್ಕೀತು, ನಾಟಿಯ ಹೊತ್ತಿಗೆ ಸಸಿಯನ್ನು ಎಲ್ಲಿಂದ ತರುತ್ತಾನೆ?

ಬ್ಯಾಂಕುಗಳ ಉದಾಹರಣೆ ಕೊಟ್ಟು ಸಮಾಧಾನ ಹೇಳುವವರು ನಿಮ್ಮಲ್ಲಿ ಬಹಳ. ಎಂಬತ್ತರ ದಶಕದಲ್ಲಿ ಬ್ಯಾಂಕ್ ನೌಕರರ ಸಂಘಗಳು ಕಂಪ್ಯೂಟರನ್ನು ವಿರೋಧಿಸಿದವು, ಆಮೇಲೆ ಏನೂ ಆಗಲಿಲ್ಲ, ಬ್ಯಾಂಕುಗಳೂ ಬೆಳೆದವು, ಐಟಿ ಉದ್ಯಮವೂ ಬೆಳೆಯಿತು ಎನ್ನುತ್ತಾರೆ. ಕರ್ನಾಟಕಕ್ಕೆ ಈ ಉದಾಹರಣೆ ತೀರ ಹತ್ತಿರದ್ದು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯ ಬ್ಯಾಂಕುಗಳು ಹುಟ್ಟಿದ್ದು ನಮ್ಮ ಕರಾವಳಿಯಲ್ಲಿ. ಐಟಿಗೆ ಮುಂಚೆ ಒಂದು ತಲೆಮಾರಿನ ಕನ್ನಡದ ಕುಟುಂಬಗಳನ್ನು ಮಧ್ಯಮ ವರ್ಗಕ್ಕೆ ಎತ್ತಿದ್ದು ಬ್ಯಾಂಕ್ ಗುಮಾಸ್ತಿಕೆ. ಅದಕ್ಕೇ ಆ ಚರಿತ್ರೆಯನ್ನು ಪೂರ್ತಿ ನೋಡಬೇಕು. ಬ್ಯಾಂಕುಗಳಿಗೆ ಕಂಪ್ಯೂಟರ್ ತನ್ನಷ್ಟಕ್ಕೆ ಬಂದು ಕೂರಲಿಲ್ಲ. 1983ರಲ್ಲಿ ಬ್ಯಾಂಕುಗಳ ಒಕ್ಕೂಟ ಮತ್ತು ನೌಕರರ ಸಂಘಗಳ ನಡುವೆ ಯಾಂತ್ರೀಕರಣದ ಬಗ್ಗೆ ಒಪ್ಪಂದವಾಯಿತು. ಯಂತ್ರಗಳನ್ನು ಎಲ್ಲೆಲ್ಲಿ, ಎಷ್ಟು ತರಬಹುದು ಎಂಬುದಕ್ಕೆ ಮಿತಿ ಬಿತ್ತು, ಅವನ್ನು ನಡೆಸುವ ನೌಕರರಿಗೆ ಭತ್ಯೆ ಸಿಕ್ಕಿತು. ರಿಸರ್ವ್ ಬ್ಯಾಂಕ್ ನೇಮಿಸಿದ ಸಿ. ರಂಗರಾಜನ್ ಸಮಿತಿ ಹಂತ ಹಂತವಾದ ಯೋಜನೆ ಹಾಕಿತು. ಒಳಗಿದ್ದವರಿಗೆ ಬದಲಾವಣೆ ಸಹ್ಯವಾದದ್ದು ಈ ಮಾತುಕತೆಯಿಂದ. ಏನೂ ಆಗಲಿಲ್ಲ ಎನ್ನುವವರು, ಏನೂ ಆಗದಂತೆ ನೋಡಿಕೊಂಡವರನ್ನು ಮರೆತು ಮಾತಾಡುತ್ತಾರೆ.

ಅದೇ ಚರಿತ್ರೆಗೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಲಾರದ ಎರಡನೇ ಭಾಗವಿದೆ. ಆ ಒಪ್ಪಂದಗಳು ಕಾಪಾಡಿದ್ದು ಆಗಲೇ ಒಳಗಿದ್ದವರನ್ನು. 2000-01ರಲ್ಲಿ ಸ್ವಯಂ ನಿವೃತ್ತಿ ಯೋಜನೆಯಡಿ ಸಾರ್ವಜನಿಕ ವಲಯದ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ಮಂದಿ ಹಣ ಪಡೆದು ಹೊರಬಂದರು. 2001ರಲ್ಲಿ ಬ್ಯಾಂಕಿಂಗ್ ಸೇವಾ ನೇಮಕಾತಿ ಮಂಡಳಿಗಳನ್ನೇ ಮುಚ್ಚಲಾಯಿತು. ಆಮೇಲೆ ಹಲವು ವರ್ಷ ಹೊಸ ಗುಮಾಸ್ತರ, ಅಧಿಕಾರಿಗಳ ನೇಮಕಾತಿ ಕುಂಟುತ್ತ ನಡೆಯಿತು. ಇದಕ್ಕೆ ಕಂಪ್ಯೂಟರ್ ಒಂದೇ ಕಾರಣವಲ್ಲ. ಖರ್ಚು ಇಳಿಸುವ ಒತ್ತಡ, ಖಾಸಗಿ ಬ್ಯಾಂಕುಗಳ ಪೈಪೋಟಿ ಎಲ್ಲವೂ ಇದ್ದವು. ಆದರೆ ಯಂತ್ರ ಇದ್ದುದರಿಂದ ಜನ ಇಲ್ಲದೆಯೂ ನಡೆದೀತು ಎಂಬ ಧೈರ್ಯ ಬಂದಿತ್ತು. ಪರಿಣಾಮ ಹತ್ತು ವರ್ಷದ ನಂತರ ಕಾಣಿಸಿತು. 2010ರಲ್ಲಿ ಖಂಡೇಲ್‌ವಾಲ್ ಸಮಿತಿ ಸಾರ್ವಜನಿಕ ಬ್ಯಾಂಕುಗಳ ಸಿಬ್ಬಂದಿ ಸ್ಥಿತಿ ನೋಡಿ, ಹಿರಿಯ ಅಧಿಕಾರಿಗಳ ದೊಡ್ಡ ಪಾಲು ಕೆಲವೇ ವರ್ಷಗಳಲ್ಲಿ ಒಟ್ಟಿಗೆ ನಿವೃತ್ತರಾಗುತ್ತಾರೆ, ಅವರ ಜಾಗ ತುಂಬುವವರು ಸಾಲದು ಎಂದು ಎಚ್ಚರಿಸಿತು. ಸಾಲದ ಅರ್ಜಿ ಕೈಗೆತ್ತಿಕೊಂಡರೆ ಅದರ ಹಿಂದಿನ ವ್ಯವಹಾರವನ್ನು ಅಳೆಯಬಲ್ಲ ಅಧಿಕಾರಿ, ಹತ್ತು ವರ್ಷ ಹಿಂದೆ ಕೌಂಟರಿನಲ್ಲಿ ಕೂತು ಕಲಿತವನಾಗಿರಬೇಕಿತ್ತು. ಆ ಹತ್ತು ವರ್ಷದಲ್ಲಿ ಕೌಂಟರಿಗೆ ಬಂದವರೇ ಕಡಿಮೆ. ಬ್ಯಾಂಕುಗಳ ಕಥೆಯಿಂದ ಸಮಾಧಾನ ಪಡೆಯುವವರು ಈ ಭಾಗವನ್ನೂ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಯಾರೂ ಮಾತಾಡದಿದ್ದರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಉದಾಹರಣೆಯಿದೆ. ಕನ್ನಡದ ಮುದ್ರಣಾಲಯಗಳಲ್ಲಿ ಮೊಳೆ ಜೋಡಿಸುತ್ತಿದ್ದ ಕಂಪೋಸಿಟರುಗಳಿಗೆ ಕಂಪ್ಯೂಟರಿನಲ್ಲೇ ಪುಟ ಜೋಡಿಸುವ ಡಿಟಿಪಿ ಬಂದಾಗ ಬ್ಯಾಂಕ್ ನೌಕರರಿಗಿದ್ದಂಥ ಬಲ ಇರಲಿಲ್ಲ. ಸಣ್ಣ ಸಣ್ಣ ಪ್ರೆಸ್ಸುಗಳಲ್ಲಿ ಹಂಚಿಹೋಗಿದ್ದ ಅವರು ಒಬ್ಬೊಬ್ಬರಾಗಿ ಕೆಲಸ ಬಿಟ್ಟರು. ಪುಸ್ತಕ ಅಚ್ಚು ಹಾಕುವುದು ಸುಲಭವಾಯಿತು, ಓದುಗರಿಗೆ ಲಾಭವಾಯಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಲಾಭದ ಬೆಲೆಯನ್ನು ಮಾತ್ರ ಕೆಲವೇ ಜನ ಒಂಟಿಯಾಗಿ ತೆತ್ತರು.

ಇನ್ನು, ಹೊಸಬರು ಹಳೆಯ ರೀತಿಯಲ್ಲಿ ಕಲಿಯಬೇಕಾಗಿಯೇ ಇಲ್ಲ, ಎಐ ಜೊತೆಗೇ ಕಲಿಯುತ್ತಾರೆ, ಸಣ್ಣ ಬಗ್ ಸರಿಪಡಿಸುತ್ತ ವರ್ಷ ಕಳೆಯುವುದರಲ್ಲಿ ಏನು ಹೆಚ್ಚಳ ಎಂಬ ವಾದ. ಇದರಲ್ಲಿ ಸತ್ಯದ ಅಂಶವಿದೆ. ಕಿರಿಯರಿಗೆ ಕೊಡುತ್ತಿದ್ದ ಕೆಲಸದಲ್ಲಿ ಬಹಳಷ್ಟು ಬೇಸರದ್ದು, ಅದನ್ನು ಯಂತ್ರ ಮಾಡಿದರೆ ಅಳುವವರು ಬೇಕಿಲ್ಲ. ಆದರೆ ಬ್ರಿಟನ್ನಿನ ಮನೋವಿಜ್ಞಾನಿ ಲಿಸಾನ್ ಬೇನ್‌ಬ್ರಿಜ್ 1983ರಲ್ಲೇ ಬರೆದ ಒಂದು ಪ್ರಬಂಧದಲ್ಲಿ ಇದರ ಸಿಕ್ಕನ್ನು ಗುರುತಿಸಿದ್ದರು. ಯಂತ್ರ ಸುಲಭದ ಕೆಲಸಗಳನ್ನು ತೆಗೆದುಕೊಂಡು ಕಷ್ಟದ್ದನ್ನು ಮನುಷ್ಯನಿಗೆ ಬಿಡುತ್ತದೆ. ಕಷ್ಟದ್ದನ್ನು ನಿಭಾಯಿಸುವ ಪಳಗಿಕೆ ಬರುವುದು ಸುಲಭದ್ದನ್ನು ದಿನವೂ ಮಾಡುವುದರಿಂದ, ಅದನ್ನೇ ಯಂತ್ರ ಕಿತ್ತುಕೊಂಡಿರುತ್ತದೆ. ಅವರ ಮುಂದಿದ್ದದ್ದು ಕಾರ್ಖಾನೆಗಳ ನಿಯಂತ್ರಣ ಕೊಠಡಿ. ಅದೇ ಮಾತು ಇಂದು ನಿಮ್ಮ ಕೋಡ್ ರಿವ್ಯೂಗೆ ಹೊಂದುತ್ತದೆ. ಎಐ ಬರೆದ ನೂರು ಸಾಲು ನೋಡಿ, ಇದು ಓಡುತ್ತದೆ ಆದರೆ ತಿಂಗಳ ಕೊನೆಯ ಲೋಡ್‌ನಲ್ಲಿ ಬೀಳುತ್ತದೆ ಎಂದು ನಿಮಗೆ ಅನ್ನಿಸುತ್ತದಲ್ಲ, ಆ ಅನ್ನಿಸುವಿಕೆ ಬಂದದ್ದು ಪ್ರೊಡಕ್ಷನ್‌ನಲ್ಲಿ ಬಿದ್ದ ಎಷ್ಟೋ ಕೋಡ್‌ಗಳನ್ನು ಎತ್ತಿ ನಿಲ್ಲಿಸಿದ ವರ್ಷಗಳಿಂದ. ಟರ್ಕಿಯ ಸುಮಾರು ಒಂದು ಸಾವಿರ ಪ್ರೌಢಶಾಲಾ ವಿದ್ಯಾರ್ಥಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನೇ ಗಣಿತದ ಪಾಠದಲ್ಲಿ ತೋರಿಸಿತು. ಎಐ ಕೈಯಲ್ಲಿದ್ದಾಗ ಅಭ್ಯಾಸದ ಲೆಕ್ಕಗಳಲ್ಲಿ ಅಂಕ ಶೇ 48ರಷ್ಟು ಏರಿದವು. ಅದಿಲ್ಲದೆ ಪರೀಕ್ಷೆಗೆ ಕೂತಾಗ, ಮೊದಲಿನಿಂದಲೂ ಅದನ್ನು ಬಳಸದವರಿಗಿಂತ ಶೇ 17ರಷ್ಟು ಕಡಿಮೆ ಬಂದವು. ಉತ್ತರ ಕೊಡದೆ ಶಿಕ್ಷಕರು ಸಿದ್ಧಪಡಿಸಿದ ಸುಳಿವುಗಳನ್ನಷ್ಟೇ ಕೊಡುವ ಎಐ ಬಳಸಿದ ಮಕ್ಕಳಿಗೆ ಆ ನಷ್ಟ ಬಹುತೇಕ ಆಗಲಿಲ್ಲ. ಕಲಿಸುವ ಮನುಷ್ಯ ಹಿಂದೆ ನಿಂತು ರೂಪಿಸಿದರೆ ಎಐ ಒಳ್ಳೆಯ ಸಾಧನ. ಕಂಪನಿಯಲ್ಲಿ ಹಾಗೆ ನಿಲ್ಲಬೇಕಾದವರು ನೀವು.

ಭವಿಷ್ಯ ಹೀಗೇ ಎಂದು ನಂಬಿ ಹೊಸಬರ ತರಬೇತಿ ನಿಲ್ಲಿಸುವುದರ ಅಪಾಯಕ್ಕೆ ರೇಡಿಯಾಲಜಿಗಿಂತ ಒಳ್ಳೆಯ ಪಾಠವಿಲ್ಲ. ಮುಂದೆ ನೊಬೆಲ್ ಪಡೆದ ಜೆಫ್ರಿ ಹಿಂಟನ್ 2016ರಲ್ಲಿ, ಐದು ವರ್ಷದಲ್ಲಿ, ಹೆಚ್ಚೆಂದರೆ ಹತ್ತು ವರ್ಷದಲ್ಲಿ, ಯಂತ್ರ ರೇಡಿಯಾಲಜಿಸ್ಟರನ್ನು ಮೀರಿಸುತ್ತದೆ, ಹೊಸಬರಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಬೇಕು ಎಂದಿದ್ದರು. ವೈದ್ಯಕೀಯ ಕಾಲೇಜುಗಳು ಅದನ್ನು ಕೇಳಲಿಲ್ಲ. ಇಂದು ಎಐ ಎಕ್ಸ್‌ರೇಗಳನ್ನು ಓದುತ್ತಿದೆ, ಅದರ ಜೊತೆಗೆ ರೇಡಿಯಾಲಜಿಸ್ಟರಿಗೆ ಬೇಡಿಕೆಯೂ ಇದೆ, ಅನೇಕ ದೇಶಗಳಲ್ಲಿ ಅವರ ಕೊರತೆಯಿದೆ. ಕೇಳಿದ್ದರೆ, ಒಂದು ದಶಕದಷ್ಟು ವೈದ್ಯರನ್ನು ಒಂದೇ ವರ್ಷದಲ್ಲಿ ತಯಾರು ಮಾಡಿ ತಪ್ಪು ತಿದ್ದಿಕೊಳ್ಳಲು ಬರುತ್ತಿರಲಿಲ್ಲ. ಹೊಸಬರನ್ನು ತೆಗೆದುಕೊಂಡು ಅವರು ಬೇಕಾಗಲಿಲ್ಲ ಎಂದಾದರೆ ಆಗುವ ನಷ್ಟವನ್ನು ಎರಡು ವರ್ಷದಲ್ಲಿ ಸರಿಪಡಿಸಬಹುದು. ತೆಗೆದುಕೊಳ್ಳದೆ ಆಮೇಲೆ ಬೇಕಾದರೆ ಹತ್ತು ವರ್ಷ ಹಿಡಿಯುತ್ತದೆ. ಎಐ ಎಷ್ಟು ಬೆಳೆಯುತ್ತದೆ ಎಂಬುದರ ಬಗ್ಗೆ ನಿಮ್ಮ ನಂಬಿಕೆ ಏನೇ ಇರಲಿ, ಈ ಎರಡು ತಪ್ಪುಗಳ ತೂಕ ಒಂದೇ ಅಲ್ಲ.

ಇದೆಲ್ಲ ಸರಿ, ನಮ್ಮ ಕೈಯಲ್ಲಿ ಏನಿದೆ ಎಂದು ನೀವು ಕೇಳುತ್ತೀರಿ. ದರ ನಿಗದಿ ಮಾಡುವವನು ಗ್ರಾಹಕ, ಪಕ್ಕದ ಕಂಪನಿ ಕಡಿಮೆಗೆ ಒಪ್ಪಿದರೆ ಪ್ರಾಜೆಕ್ಟ್ ಹೋಗುತ್ತದೆ, ನಮ್ಮ ಕೆಲಸಕ್ಕೇ ಖಾತ್ರಿ ಇಲ್ಲ. ಕೊನೆಯ ಮಾತು ನಿಜ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12 ಸಾವಿರ ಮಂದಿಯನ್ನು, ಒಟ್ಟು ನೌಕರರಲ್ಲಿ ಶೇ 2ರಷ್ಟನ್ನು, ಕೈಬಿಡುವುದಾಗಿ ಪ್ರಕಟಿಸಿದಾಗ ಏಟು ಬಿದ್ದದ್ದು ಮುಖ್ಯವಾಗಿ ಮಧ್ಯಮ ಮತ್ತು ಹಿರಿಯ ಶ್ರೇಣಿಗೆ. ಎಐ ಇದಕ್ಕೆ ಕಾರಣವಲ್ಲ, ಕೌಶಲಕ್ಕೆ ತಕ್ಕ ಜಾಗ ಸಿಗದ್ದು ಕಾರಣ ಎಂದು ಕಂಪನಿ ಹೇಳಿತು. ಕಾರಣ ಯಾವುದಾದರೂ ಇರಲಿ, ಕೆಳಗಿನವರನ್ನು ಬಿಟ್ಟುಕೊಟ್ಟರೆ ನಾವು ಉಳಿಯುತ್ತೇವೆ ಎಂಬ ಲೆಕ್ಕಕ್ಕೆ ಆಧಾರವಿಲ್ಲ ಎಂಬುದಂತೂ ತಿಳಿಯಿತು. ಕಲಿಸಬೇಕಾದ ಕಿರಿಯರು ತಂಡದಲ್ಲಿ ಇಲ್ಲದಿದ್ದರೆ, ತಂಡ ನಡೆಸುವವರ ಅಗತ್ಯವೂ ಕಡಿಮೆಯಾಗುತ್ತದೆ.

ಕಾನೂನಿನ ಮಾತನ್ನೂ ಇಲ್ಲಿ ಆಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ, ಕೆಲಸಗಾರರ ಕಡಿತಕ್ಕೆ ದಾರಿಯಾಗುವಂಥ ಯಂತ್ರ ಅಥವಾ ತಂತ್ರದ ಬದಲಾವಣೆ ತರುವ ಮಾಲೀಕರು 21 ದಿನ ಮುಂಚೆ ನೋಟಿಸ್ ಕೊಡಬೇಕು ಎಂಬ ನಿಯಮವಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಬದಲಾವಣೆಯ ನೋಟಿಸಿನ ನಿಯಮ ಉಳಿದಿದೆ, ಕೆಲಸ ಕಳೆದುಕೊಂಡವರ ಮರುತರಬೇತಿಗೆ ಮಾಲೀಕರು ಹದಿನೈದು ದಿನದ ವೇತನ ಕಟ್ಟಬೇಕೆಂಬ ನಿಧಿಯೂ ಸೇರಿದೆ. ಇವು ಬೇಕಾದಂಥವೇ. ಆದರೆ ಇವು ಎಚ್ಚರವಾಗುವುದು ಇರುವವರನ್ನು ತೆಗೆದಾಗ. ನೇಮಕವೇ ಆಗದವನಿಗೆ ನೋಟಿಸ್ ಬರುವುದಿಲ್ಲ. ಅವನ ಪರವಾಗಿ ಸಂಘ ಬಾಗಿಲಲ್ಲಿ ನಿಲ್ಲುವುದಿಲ್ಲ, ಕಾರ್ಮಿಕ ಇಲಾಖೆಗೆ ದೂರು ಹೋಗುವುದಿಲ್ಲ, ಕೋರ್ಟಿನಲ್ಲಿ ಪ್ರಕರಣ ಹುಟ್ಟುವುದಿಲ್ಲ. ಯಾರನ್ನೂ ತೆಗೆಯದೆ, ಯಾರಿಗೂ ಕೆಟ್ಟವರಾಗದೆ, ಒಂದು ಸ್ಪ್ರೆಡ್‌ಶೀಟಿನ ಸಾಲಿನಲ್ಲಿ ಆಗುವ ನಷ್ಟ ಅದು. ಆ ಸಾಲನ್ನು ಕಣ್ಣಾರೆ ಕಾಣುವವರು ನೀವು ಮಾತ್ರ. ಕಂಪನಿಯ ಮುಖ್ಯಸ್ಥರನ್ನು ಬಿಟ್ಟು ನಿಮಗೇ ಬರೆಯಲು ಕಾರಣ ಇದು.

ಹಿರಿಯರು ಕಿರಿಯರಿಗಾಗಿ ನಿಂತು ಗೆದ್ದದ್ದು ಹೊಸದೇನಲ್ಲ. 2023ರಲ್ಲಿ ಅಮೆರಿಕದ ಚಲನಚಿತ್ರ, ಟಿವಿ ಬರಹಗಾರರು 148 ದಿನ ಮುಷ್ಕರ ಹೂಡಿದರು. ಎಐ ಬಗ್ಗೆ ಅವರು ಗೆದ್ದ ಷರತ್ತುಗಳು ಹೆಚ್ಚು ಸುದ್ದಿಯಾದವು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೊಂದು ಷರತ್ತು. ಸ್ಟುಡಿಯೊಗಳು ಬರಹಗಾರರ ತಂಡಗಳನ್ನು ಎರಡು ಮೂರು ಅನುಭವಿಗಳಿಗೆ ಇಳಿಸುತ್ತಿದ್ದವು. ಹೊಸ ಬರಹಗಾರರು ತಂಡದಲ್ಲಿ ಕೂತು, ಶೂಟಿಂಗ್ ನೋಡಿ ಕಲಿಯುವ ಅವಕಾಶ ಹೋಗುತ್ತಿತ್ತು. ತಂಡದಲ್ಲಿ ಕನಿಷ್ಠ ಇಷ್ಟು ಮಂದಿ ಇರಲೇಬೇಕು ಎಂಬ ನಿಯಮವನ್ನು ಮುಷ್ಕರ ಹೂಡಿದವರು ಒಪ್ಪಂದದೊಳಗೆ ತಂದರು. ತಮಗೆ ಕೆಲಸ ಖಾತ್ರಿ ಇದ್ದ ಹೆಸರಾಂತ ಬರಹಗಾರರೂ ಆ ಐದು ತಿಂಗಳು ಆದಾಯ ಬಿಟ್ಟು ಬೀದಿಯಲ್ಲಿ ನಿಂತಿದ್ದರು. ನಿಮ್ಮ ಉದ್ಯಮದಲ್ಲಿ ಅಂಥ ಸಂಘಟನೆಯ ಬಲ ಇಲ್ಲ. ಕರ್ನಾಟಕದಲ್ಲಿ ಐಟಿ ನೌಕರರ ಸಂಘ ಇದ್ದರೂ ಸದಸ್ಯರು ಒಟ್ಟು ಉದ್ಯೋಗಿಗಳಲ್ಲಿ ಒಂದು ಸಣ್ಣ ಪಾಲು, ಮ್ಯಾನೇಜರುಗಳಿಗೆ ಅದು ತಮ್ಮದೆನಿಸುವುದೂ ಇಲ್ಲ. ಆದರೆ ಮುಂದೆ ಹೇಳುವಷ್ಟನ್ನು ಕೇಳಲು ಮುಷ್ಕರವೂ ಬೇಕಾಗಿಲ್ಲ.

1961ರ ಅಪ್ರೆಂಟಿಸ್ ಕಾಯ್ದೆ ಈಗಲೂ ಜಾರಿಯಲ್ಲಿದೆ. ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು, ಪದವೀಧರರ ಸ್ಟೈಪೆಂಡಿನಲ್ಲಿ ಒಂದು ಪಾಲನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ನಿಮ್ಮ ಕಂಪನಿಯಲ್ಲಿ ಈ ಸಂಖ್ಯೆ ಎಷ್ಟಿದೆ, ಕೆಳ ಅಂಚಿನಲ್ಲಿದೆಯೋ ಮೇಲಿನ ಅಂಚಿನಲ್ಲಿದೆಯೋ ಎಂದು ಎಚ್‌ಆರ್ ವಿಭಾಗವನ್ನು ಕೇಳಿ. ಪ್ರಾಜೆಕ್ಟ್ ಅಂದಾಜಿನಲ್ಲಿ ಕಲಿಕೆಯ ಗಂಟೆಗಳನ್ನು ಬೇರೆ ಸಾಲಾಗಿ ಬರೆಯಿರಿ. ಇಷ್ಟು ಕಾಲ ಬಿಲ್ಲಿನೊಳಗೆ ಅಡಗಿದ್ದುದನ್ನು ಹೆಸರು ಹೇಳಿ ಕೇಳುವುದು ಕಷ್ಟ, ಆದರೆ ಅದು ಹೇಗೂ ಹೊರಗೆ ಕಂಡಾಗಿದೆ, ಹೆಸರಿಲ್ಲದ್ದನ್ನು ಕತ್ತರಿಸುವುದು ಇನ್ನೂ ಸುಲಭ. ಎಐ ಬರೆದ ಕೋಡನ್ನು ಪರಿಶೀಲಿಸುವಾಗ ಒಬ್ಬ ಕಿರಿಯನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಂತ್ರ ಎಲ್ಲಿ ಎಡವಿತು ಎಂದು ಅವನೇ ಮೊದಲು ಹೇಳಲಿ. ಎಐಯಿಂದ ಉಳಿದ ಗಂಟೆಗಳಲ್ಲಿ ಒಂದು ಭಾಗ ಹೊಸಬರಿಗೆ ಕಲಿಸಲು ಹೋಗಬೇಕೆಂದು ನಿಮ್ಮ ವಾರ್ಷಿಕ ಗುರಿಗಳಲ್ಲೇ ಬರೆಸಿಕೊಳ್ಳಿ, ನಿಮ್ಮ ಹೈಕ್ ಅದನ್ನೂ ಅವಲಂಬಿಸಲಿ.

ಈ ಬಾಗಿಲಿನ ಆಚೆ ನಿಂತಿರುವವರಲ್ಲಿ ಎಲ್ಲರೂ ಸಮಾನರಲ್ಲ. ಬೆಂಗಳೂರಿನ ಹೆಸರಾಂತ ಕಾಲೇಜಿನ ವಿದ್ಯಾರ್ಥಿಗೆ ಇಂಟರ್ನ್‌ಶಿಪ್, ಪರಿಚಯ, ಸ್ಟಾರ್ಟಪ್ ಹೀಗೆ ಹಲವು ದಾರಿಗಳಿವೆ. ಕಲಬುರಗಿಯಲ್ಲೋ ವಿಜಯಪುರದಲ್ಲೋ ಹಾಸನದಲ್ಲೋ ಓದಿದ, ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿದ್ದ, ಮನೆಯಲ್ಲಿ ಮೊದಲ ಪದವೀಧರೆಯಾದ ಹುಡುಗಿಗೆ ಸಾವಿರಾರು ಜನರನ್ನು ಒಟ್ಟಿಗೆ ತೆಗೆದುಕೊಂಡು ಆರು ತಿಂಗಳು ತರಬೇತಿ ಕೊಡುವ ಕ್ಯಾಂಪಸ್ ನೇಮಕಾತಿಯೊಂದೇ ದಾರಿಯಾಗಿತ್ತು. ಆ ನೇಮಕಾತಿ ಅವಳಿಂದ ಸಿದ್ಧ ಅನುಭವ ಕೇಳುತ್ತಿರಲಿಲ್ಲ, ಕಲಿಯುವ ಶಕ್ತಿ ಇದೆಯೇ ಎಂದಷ್ಟೇ ನೋಡುತ್ತಿತ್ತು. ಎರಡು ವರ್ಷದ ಅನುಭವ ಇದ್ದವರು ಮಾತ್ರ ಅರ್ಜಿ ಹಾಕಿ ಎನ್ನುವ ಉದ್ಯಮದಲ್ಲಿ ಮೊದಲು ಹೊರಗುಳಿಯುವವಳು ಅವಳೇ. ಉಪಕರಣ ಹೊಸಬರಿಗೆ ಎಲ್ಲರಿಗಿಂತ ಹೆಚ್ಚು ನೆರವಾಗುತ್ತದೆ ಎಂಬ ಸಂಶೋಧನೆ ನಿಜವಾದರೆ, ಅದರ ಪೂರ್ಣ ಲಾಭ ಸಿಗಬೇಕಾದವಳೂ ಅವಳೇ.

ಮುಂದಿನ ವರ್ಷದ ನೇಮಕಾತಿಗೆ ನಿಮ್ಮಿಂದ ಸಂಖ್ಯೆ ಕೇಳುವ ದಿನ ಬರುತ್ತದೆ. ಆಗ ಫ್ರೆಶರ್‌ಗಳು ಎಂಬ ಕಾಲಮ್ಮಿನಲ್ಲಿ ಸೊನ್ನೆ ಬರೆಯಬೇಡಿ. ಮೇಲಿನವರು ಸೊನ್ನೆ ಬರೆಯಿರಿ ಎಂದರೆ, ಐದು ವರ್ಷದ ನಂತರ ಈ ಪ್ರಾಜೆಕ್ಟನ್ನು ನಡೆಸುವವರು ಯಾರು ಎಂದು ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿಯೇ ಪಡೆಯಿರಿ.